ನಾಲ್ಕನೇ ಸಾಲು

"ಕಣ್ಣು ಕಿತ್ತು ಮನೇಲಿ ಇಟ್ಟು ಬಂದಿದ್ದೇನ್ಲಾ? ಕುರುಡ್ನೂ ಇಂಗೆ ಮೊಳೆ ಹೊಡೆಯಾಕಿಲ್ಲ."

ಲಿಂಗಯ್ಯ ಮೇಸ್ತ್ರಿ ಇದನ್ನು ಮೆಲ್ಲಗೆ ಹೇಳಲಿಲ್ಲ. ಮನೆಯ ಯಜಮಾನಿ, ವಕೀಲೆ ಸರಸಮ್ಮ ಎದುರಿಗೇ ಇದ್ದರು. ಕನಕಪುರದಿಂದ ಬಂದ ಅವರ ತಮ್ಮ ಪುಟ್ಟಸ್ವಾಮಿ ಇದ್ದರು. ಹಲಗೆ ಹೊರುವ ಬಿಸ್ಮಿಲ್ಲಾ ಇದ್ದ. ಅಷ್ಟೂ ಜನರ ಮುಂದೆ ಬೈಸಿಕೊಂಡ ಕರಿಯಪ್ಪನ ಕಿವಿ ಕೆಂಪಾಯಿತು.

ಮಾಗಡಿಯ ಆ ಮನೆಯ ಹಿತ್ತಿಲಲ್ಲಿ, ತೆಂಗಿನ ಮರಗಳ ನಡುವೆ, ಸರಸಮ್ಮನ ಆಫೀಸು ರೂಮು ಏಳುತ್ತಿತ್ತು. ಅವರಿಗೆ ಮಂಡಿನೋವು, ತಣ್ಣನೆಯ ನೆಲ ಆಗದು. ಅದಕ್ಕೇ ಮರದ ನೆಲ. ಸಾಲಾಗಿ ತೊಲೆ, ತೊಲೆಗಳ ಪಕ್ಕಕ್ಕೆ ಮೊಳೆ ಹೊಡೆದ ತೆಳು ಮರದ ರೀಪರ್ ಪಟ್ಟಿ, ಪಟ್ಟಿಯ ಮೇಲೆ ತಂಪು ತಡೆಯುವ ದಪ್ಪ ಥರ್ಮಾಕೋಲ್, ಎಲ್ಲದರ ಮೇಲೆ ಹಲಗೆ. ಈ ಭಾಗದಲ್ಲಿ ಇಂಥ ಕೆಲಸ ಯಾರೂ ಮಾಡಿರಲಿಲ್ಲ. ನಕ್ಷೆ ನೋಡಿ ಅಳತೆ ಬಿಡಿಸಿದವನು ಏಳನೇ ಕ್ಲಾಸಿಗೇ ಸ್ಕೂಲು ಬಿಟ್ಟ ಕರಿಯಪ್ಪ.

ಇವತ್ತು ಬೆಳಿಗ್ಗೆ ಸರಸಮ್ಮ ಬರಿಗಾಲಲ್ಲಿ ಓಡಾಡಿ ನೋಡಿದರು. ನಾಲ್ಕನೇ ಸಾಲಿನಲ್ಲಿ ಕಾಲಿಗೆ ತಣ್ಣಗೆ ಹತ್ತಿತು. ತಟ್ಟಿದರೆ ಟೊಳ್ಳು. ಹಲಗೆ ಎಬ್ಬಿಸಿದರೆ ಪಟ್ಟಿ ಕಳಚಿ ಥರ್ಮಾಕೋಲ್ ಮಣ್ಣಿಗೆ ಬಿದ್ದಿತ್ತು. ಕರಿಯಪ್ಪ ಎಳೆದ ಪೆನ್ಸಿಲ್ ಗೆರೆ ಒಂದು ಕಡೆ, ಮೊಳೆ ಒಂದು ಕಡೆ. ಅರ್ಧಕ್ಕರ್ಧ ಮೊಳೆ ತೊಲೆಗೆ ಕಚ್ಚಿರಲೇ ಇಲ್ಲ. ಲಿಂಗಯ್ಯ ಬಗ್ಗಿ, ಹೆಬ್ಬೆರಳಿನಲ್ಲಿ ಒಂದೊಂದೇ ಮೊಳೆ ಸವರಿ ನೋಡಿದ. ಆಮೇಲೆಯೇ ಬೈದದ್ದು.

ಲಿಂಗಯ್ಯ ಹೊರಗಿನವನಲ್ಲ, ಕರಿಯಪ್ಪನ ಸೋದರಮಾವ. ಮೇಷ್ಟರಿಗೆ ತಿರುಗಿಬಿದ್ದು ಸ್ಕೂಲಿನಿಂದ ಎದ್ದುಬಂದ ಹುಡುಗನ ಕೈಗೆ ಉಳಿ ಕೊಟ್ಟವನು ಅವನೇ. ಈಗ ಒಂದು ತಿಂಗಳಿಂದ ಮಾತೆತ್ತಿದರೆ ಸಿಡುಕು. ಗೆರೆ ತೆಳು, ಕಾಣಾಕಿಲ್ಲ ಅಂತ ಜಗಳ, ಪೆನ್ಸಿಲ್ ಸರಿಯಿಲ್ಲ ಅಂತ ಜಗಳ. ಕರಿಯಪ್ಪನೂ ಬಿಟ್ಟುಕೊಡುವವನಲ್ಲ. ಒಂದಕ್ಕೆ ಎರಡು ಆಡಿಯೇ ಮನೆಗೆ ಹೋಗುತ್ತಿದ್ದ.

ಪುಟ್ಟಸ್ವಾಮಿ ಸುಮ್ಮನೆ ಬಂದಿರಲಿಲ್ಲ. ಕನಕಪುರದಲ್ಲಿ ಇಂಥವೇ ಎರಡು ರೂಮು ಆಗಬೇಕಿತ್ತು. ಆ ಕೆಲಸ ಕರಿಯಪ್ಪನಿಗೆ ಎಂದು ಮಾತಾಗಿತ್ತು. ಮಾವನ ಕೈಕೆಳಗಿನ ಆಳಾಗಿ ಅಲ್ಲ, ಸ್ವಂತ ಮೇಸ್ತ್ರಿಯಾಗಿ. ಹನ್ನೊಂದು ವರ್ಷ ಅವನು ಕಾದದ್ದು ಇದೊಂದಕ್ಕೇ.

"ಈ ಸಾಲು ಹೊಡೆದದ್ದು ಯಾರು?" ಸರಸಮ್ಮ ಕೋರ್ಟಿನ ದನಿಯಲ್ಲಿ ಕೇಳಿದರು. "ಯಾರೇ ಆಗಲಿ, ನಾಳೆಯಿಂದ ಇಲ್ಲಿಗೂ ಬರೋದು ಬೇಡ, ಕನಕಪುರಕ್ಕೂ ಬೇಡ."

ಬಿಸ್ಮಿಲ್ಲಾ ಗಂಟಲು ಸರಿಮಾಡಿಕೊಂಡ. "ಅಮ್ಮಾವ್ರೆ, ಆವತ್ತು..."

ಕರಿಯಪ್ಪ ಅವನ ರಟ್ಟೆ ಹಿಡಿದ. "ಬಾಯ್ ಮುಚ್ಕೊಂಡಿರ್ಲಾ. ನಿನ್ನ ಯಾರೂ ಕೇಳ್ನಿಲ್ಲ."

ಹಿಡಿತಕ್ಕೆ ಬಿಸ್ಮಿಲ್ಲಾ ಮುಖ ಕಿವುಚಿದ. ಸರಸಮ್ಮ ತಮ್ಮನ ಕಡೆ ನೋಡಿದರು. ಪುಟ್ಟಸ್ವಾಮಿ ಇವನು ಬೇಡ ಎಂಬಂತೆ ತಲೆಯಾಡಿಸಿದರು. ಇಬ್ಬರಿಗೂ ಬೇರೆ ಸಾಕ್ಷಿ ಬೇಕಿರಲಿಲ್ಲ.

"ನಲವತ್ತು ವರ್ಸ ಆಯ್ತು ಕಣಮ್ಮಾ ನಾನು ಉಳಿ ಹಿಡ್ದು," ಲಿಂಗಯ್ಯ ಎಂದ. "ಒಂದು ಮೊಳೆ ಗೆರೆ ತಪ್ಪಿಲ್ಲ." ಆಮೇಲೆ ಅಳಿಯನ ಕಡೆ ತಿರುಗಿದ. "ಒಪ್ಕೊಳ್ಳಲಾ. ಅಷ್ಟೂ ಗಂಡಸ್ತನ ಇಲ್ವಾ ನಿಂಗೆ?"

ಕರಿಯಪ್ಪನ ಕೈಯಲ್ಲಿ ಸುತ್ತಿಗೆಯಿತ್ತು. ಬೆರಳ ಗಿಣ್ಣು ಬೆಳ್ಳಗಾದವು. ಬಿಸ್ಮಿಲ್ಲಾ ಎರಡು ಹೆಜ್ಜೆ ಹಿಂದೆ ಸರಿದ. ಆ ಬಾಯಿಂದ ಏನು ಬರುತ್ತದೋ ಎಂದು ಎಲ್ಲರೂ ಕಾದರು. ಅವನು ಸುತ್ತಿಗೆಯನ್ನು ಚೀಲಕ್ಕೆ ಹಾಕಿ, ಚೀಲ ಹೆಗಲಿಗೇರಿಸಿದ.

ಅವನು ಹಲಗೆ ತರಲು ರಾಮನಗರಕ್ಕೆ ಹೋಗಿದ್ದ ದಿನ ಆ ಸಾಲನ್ನು ಮಾವ ಒಬ್ಬನೇ ಹೊಡೆದು ಮುಗಿಸಿದ್ದ. ಅದನ್ನು ಹೇಳದೆ ಕರಿಯಪ್ಪ ಗೇಟು ದಾಟಿ ನಡೆದ.