ನೆನ್ನೆ ಅಳತೆ

“ರಿಪೋರ್ಟ್ ನಾರ್ಮಲ್ ಇದೆಯಮ್ಮ. ಕಿಡ್ನಿಗೆ ಏನೂ ಆಗಿಲ್ಲ, ಮನೆಗೆ ಕರ್ಕೊಂಡು ಹೋಗಿ,” ಎಂದರು ಡಾಕ್ಟರ್ ಶಂಕರ್. ದೊಡ್ಡಬಸಮ್ಮ ಕುರ್ಚಿ ಬಿಟ್ಟು ಏಳಲಿಲ್ಲ.

ಕೊಳ್ಳೇಗಾಲದ ಆ ಆಸ್ಪತ್ರೆಯಲ್ಲಿ ಹೊರಗೆ ಇನ್ನೂ ಮೂವತ್ತು ಜನ ಕಾದಿದ್ದರು. ಅವಳ ಗಂಡ ಪುಟ್ಟಮಾದಪ್ಪನಿಗೆ ಲಿವರ್ ಗಟ್ಟಿಯಾಗಿ ಹೊಟ್ಟೆಯಲ್ಲಿ ನೀರು ತುಂಬಿತ್ತು. ಏನೂ ಆಗಿಲ್ಲ ಅನ್ನುವುದು ಕಿವಿಗೆ ಬಿದ್ದದ್ದೇ ತಡ, ಪುಣ್ಯಾತ್ಮ ಆಗಲೇ ಚಪ್ಪಲಿ ಮೆಟ್ಟಿದ್ದ.

“ನಾರ್ಮಲ್ ಅಂದ್ರೆ ಯಾರ ನಾರ್ಮಲ್ಲು ಸಾ?” ಎಂದಳು ದೊಡ್ಡಬಸಮ್ಮ.

“ಎಲ್ಲರದೂ. ರಕ್ತದಲ್ಲಿ ಕ್ರಿಯಾಟಿನಿನ್ ಅಂತ, ಕಿಡ್ನಿ ಸೋಸಿ ಹೊರಹಾಕೋ ಕಸ, ಅದು ಒಂದೂಕಾಲಿನ ತನಕ ಇರಬಹುದು, ಇವರದು ಒಂದಿದೆ.”

“ಮೊನ್ನೆಗಂಟ ದಿನಕ್ಕೆ ಒಂದೂವರೆ ಲೀಟ್ರು ಉಚ್ಚೆ ಉಯ್ತಿದ್ರು. ನೆನ್ನೆ ಮುಕ್ಕಾಲು ಲೀಟ್ರು. ಇವತ್ತು ಅರ್ಧನೂ ಇಲ್ಲ.”

“ಲೇ, ಮಾನ ತಗೀಬ್ಯಾಡ ಕಣೆ! ಜನ ಕೇಳುಸ್ಕತರೆ, ಏಳು ಓಗವ,” ಎಂದು ಪುಟ್ಟಮಾದಪ್ಪ ಹಲ್ಲು ಕಚ್ಚಿದ.

“ನೀ ಸುಮ್ಕಿರು. ಇಪ್ಪತ್ತೊರ್ಸದಿಂದ ಅಗರದ ಡೈರೀಲಿ ಹಾಲಳೀತಾ ಇವ್ನಿ ಸಾ. ಆರು ಲೀಟ್ರು ಕೊಡೋ ಹಸ ಮೂರಕ್ಕಿಳುದ್ರೆ, ಪಕ್ಕದ ಮನೆ ಹಸನೂ ಮೂರೇ ಕೊಡದು, ಇದೂ ನೆಟ್ಗದೆ ಅಂತೀನಾ? ಅದರದ್ದೇ ನೆನ್ನೆ ಅಳತೆ ಕೇಳ್ತೀನಿ. ನೀವೂ ಇವರದ್ದೇ ಹಳೇ ಚೀಟಿ ನೋಡಿ.”

“ಹೊರಗೆ ಜನ ಕಾಯ್ತಿದ್ದಾರಮ್ಮ!”

“ಕಾಯ್ಲಿ. ನಾನೂ ಇಲ್ಲೇ ಕಾಯ್ತೀನಿ,” ಎಂದು ಅವಳು ಹೋದ ಸೋಮವಾರದ ರಿಪೋರ್ಟನ್ನು ಮೇಜಿನ ಮೇಲೆ ಇಟ್ಟೇ ಬಿಟ್ಟಳು. ಅಷ್ಟು ಓದಿದವರ ಎದುರು ಅವಳು ಹೀಗೆ ಮಾತಾಡಿದ್ದು ಇದೇ ಮೊದಲು.

ಡಾಕ್ಟರು ಬೇಸರದಿಂದಲೇ ಎರಡೂ ಹಾಳೆಗಳನ್ನು ಜೋಡಿಸಿ ನೋಡಿದರು. ಸೋಮವಾರ ಅರ್ಧ, ಇವತ್ತು ಒಂದು. ಐದೇ ದಿನದಲ್ಲಿ ಎರಡರಷ್ಟು! ಅವರು ತಲೆಯೆತ್ತಿ ಪುಟ್ಟಮಾದಪ್ಪನ ಸೊರಗಿದ ತೋಳುಗಳನ್ನು ನೋಡಿದರು.

“ಮೈಯಲ್ಲಿ ಮಾಂಸ ಇಲ್ಲದವರಿಗೆ ಇದು ಮೊದಲೇ ಕಮ್ಮಿ ಇರುತ್ತೆ. ಇವರಿಗೆ ಒಂದು ಅಂದರೆ ಜಾಸ್ತೀನೇ,” ಎಂದರು. ದನಿ ಇಳಿದಿತ್ತು. “ನೀರಿಳಿಸೋ ಮಾತ್ರೆ ಈಗಲೇ ನಿಲ್ಲಿಸಿ. ಅಡ್ಮಿಟ್ ಮಾಡ್ಕೋತೀನಿ. ಕಿಡ್ನಿಗೆ ಈಗಿನ್ನೂ ಶುರು, ಸದ್ಯ ಬೇಗ ಬಂದ್ರಿ.”

“ಬೇಗ್ನೇ ಬಂದ್ವಿ ಸಾ. ನೀವು ಅದಕ್ಕಿಂತ ಬೇಗ ಕಳುಸ್ತಿದ್ರಿ.”

ವಾರ್ಡಿನಲ್ಲಿ ಪುಟ್ಟಮಾದಪ್ಪ ಗೋಡೆ ಕಡೆ ಮುಖ ಮಾಡಿ ಮಲಗಿದ. “ಇಡೀ ಆಸ್ಪತ್ರೆಗೆ ಗೊತ್ತಾಯ್ತಲ್ಲೇ. ನನ್ ಮಾನ ಓಯ್ತು.”

ದೊಡ್ಡಬಸಮ್ಮ ಚೀಲದಿಂದ ಉಚ್ಚೆ ಅಳೆಯಲು ಗೆರೆ ಎಳೆದಿದ್ದ ಪ್ಲಾಸ್ಟಿಕ್ ಜಗ್ಗನ್ನು ತೆಗೆದು ಎಲ್ಲರಿಗೂ ಕಾಣುವಂತೆ ಮಂಚದ ಕೆಳಗಿಟ್ಟಳು.

“ಓದ್ರೆ ಓಗ್ಲಿ. ನೀನಿರು.”