ಬೈರಕೂರಿನ ಭಾರತಮ್ಮನ ದೂರು

ಫೋನಿನಲ್ಲಿ ಮೊಮ್ಮಗಳ ಕೊರಳು ಕಂಡದ್ದೇ ತಡ, ಭಾರತಮ್ಮ ಮುದ್ದೆ ತೊಳಸುವುದನ್ನು ನಿಲ್ಲಿಸಿದಳು.

"ಏನೇ ಅದು ಕತ್ನಲ್ಲಿ?"

"ಮೇರಿಯಮ್ಮನ ಬಿಲ್ಲೆ ಅಜ್ಜಿ. ಜ್ವರ ಬಂದಿತ್ತಲ್ಲ, ಈ ಮನೆ ಅಜ್ಜಿ ಹಾಕಿದ್ರು. ಜ್ವರ ಬಿಟ್ಟೇ ಹೋಯ್ತು," ಎಂದಳು ಮೇಘನ, ಇಟಲಿಯಿಂದ.

ಅವಳ ಹಿಂದೆ ಬಿಳಿಗೂದಲಿನ ಮುದುಕಿಯೊಬ್ಬಳು ಕತ್ತು ಚಾಚಿ ಬೈರಕೂರಿನ ಅಡುಗೆಮನೆಯನ್ನು ಇಣುಕುತ್ತಿದ್ದಳು. ದಿನವೂ ಇದೇ ಕತೆ. ಫೋನು ಹತ್ತಿದರೆ ಸಾಕು, ಆ ಮುದುಕಿ ಬಂದು ನಿಲ್ಲುವಳು, ಕೈ ಬೀಸುವಳು, ಕಣ್ಣೊರೆಸಿಕೊಳ್ಳುವಳು. ಗುರುತು ಪರಿಚಯವಿಲ್ಲದವರಿಗೆ ಇಷ್ಟೊಂದು ಅಕ್ಕರೆ ಸುಮ್ಮನೆ ಬರುವುದಿಲ್ಲ ಎಂದು ಭಾರತಮ್ಮನಿಗೆ ಮೊದಲ ದಿನವೇ ಅನಿಸಿತ್ತು.

ಮುಳಬಾಗಿಲಿನ ಕಾನ್ವೆಂಟು ಹೈಸ್ಕೂಲು ಹುಡುಗಿಯರನ್ನು ಇಟಲಿಯ ಶಾಲೆಯೊಂದಕ್ಕೆ ವಿನಿಮಯ ಪ್ರವಾಸದ ಮೇಲೆ ಕಳಿಸುವುದಾಗಿ ಹೇಳಿದಾಗ ಮನೆಯಲ್ಲಿ ಬೇಡವೆಂದವಳು ಅವಳೊಬ್ಬಳೇ. ಮಗ ಅನಿಲ್‌ಕುಮಾರ್ ನರಸಾಪುರದ ಕಂಪನಿಯಲ್ಲಿ ಪಾಳಿ ಕೆಲಸದವನು. "ಜೊತೇಲಿ ಸಿಸ್ಟರಿರ್ತಾರೆ. ಒಂದು ತಿಂಗಳಷ್ಟೆ ಕಣಮ್ಮ, ಲೋಕ ನೋಡ್ಲಿ," ಎಂದಿದ್ದ.

"ಲೋಕ ನೋಡಕ್ಕೆ ಕುರುಡುಮಲೆ ಇಲ್ವೇನೋ?" ಎಂದಿದ್ದಳು ಭಾರತಮ್ಮ.

ಈಗ ಅವಳು ಹೆದರಿದಂತೆಯೇ ಆಗುತ್ತಿತ್ತು. ಮೇಘನ ಭಾನುವಾರ ಚರ್ಚಿಗೆ ಹೋದಳಂತೆ. ಅಲ್ಲಿ ಹಾಡಿದಳಂತೆ. ಮೊನ್ನೆ ಊಟಕ್ಕೆ ಕೂತವಳು ಹಣೆ, ಎದೆ, ಎರಡೂ ಭುಜ ಮುಟ್ಟಿಕೊಂಡದ್ದನ್ನು ಭಾರತಮ್ಮ ಕಣ್ಣಾರೆ ಕಂಡಿದ್ದಳು. ಈಗ ನೋಡಿದರೆ ಬಿಲ್ಲೆ.

"ಒಂದು ಮಗೂನ ಜಾತಿ ಕೆಡಿಸೋಕೆ ಇನ್ನೇನು ಬೇಕು? ಬೇರೆಯೋರ ಮಗು ಅನ್ನೋ ಭಯ ಬೇಡ್ವಾ ಆ ಮುದುಕೀಗೆ?" ಎಂದು ಅವಳು ಕಲಾಳನ್ನು ಕೇಳಿದಳು.

"ಸರಿ ಅಜ್ಜಿ," ಎಂದಳು ಕಲಾ.

ಮನೆಯಲ್ಲಿ ಭಾರತಮ್ಮನಿಗೆ ಉಳಿದಿದ್ದ ಸಮಾಧಾನವೆಂದರೆ ಈ ಕಲಾ. ವಯಸ್ಸಿನಲ್ಲಿ ಮೇಘನಳ ಸಮ, ನಡತೆಯಲ್ಲಿ ಅವಳಿಗಿಂತ ಒಂದು ಕೈ ಮೇಲು. ಮಾತು ಕಡಿಮೆ. ಎದುರು ಮಾತಂತೂ ಇಲ್ಲವೇ ಇಲ್ಲ. ಕಾನ್ವೆಂಟಿನಿಂದ ಬಂದವಳೇ ಯೂನಿಫಾರಂ ಬಿಚ್ಚಿ ಮೇಘನಳ ಹಳೇ ಲಂಗ ಉಟ್ಟು ಹಿಂದೆ ಹಿಂದೆ ತಿರುಗುವಳು. ಬೆಳಿಗ್ಗೆ ಬಾಗಿಲಿಗೆ ರಂಗೋಲಿ ಬಿಡುವಳು. ಅವಳು ರಂಗೋಲಿ ಬಿಡುವುದನ್ನು ನೋಡಲು ಬೀದಿಯ ಹೆಂಗಸರೆಲ್ಲ ಬಂದು ನಿಲ್ಲುತ್ತಿದ್ದರು. ಭಾರತಮ್ಮ ಕುಂಕುಮ ಇಟ್ಟರೆ ಹಣೆ ಒಡ್ಡುವಳು. ಮುದ್ದೆಯನ್ನು ಅಗಿಯದೆ ನುಂಗುವುದನ್ನೂ ಕಲಿತಿದ್ದಳು. "ಹೆಣ್ಮಗು ಅಂದ್ರೆ ಹಿಂಗಿರ್ಬೇಕು," ಎಂದು ಭಾರತಮ್ಮ ಊರಿಗೆಲ್ಲ ಹೇಳಿಕೊಂಡು ಬಂದಿದ್ದಳು.

ಮೇಘನಳ ಜ್ವರದ ಸುದ್ದಿ ಬಂದಾಗಲೇ ಅವಳು ಚಿಕ್ಕತಿರುಪತಿಗೆ ಮುಡಿ ಹರಕೆ ಹೊತ್ತಿದ್ದಳು. ಮೇಘನ ಬಂದ ಮೇಲೆ ತೀರಿಸಿದರಾಯಿತು ಎಂದುಕೊಂಡಿದ್ದಳು. ಆದರೆ ಈಗ ತಡ ಮಾಡಿದರೆ ಜ್ವರ ಬಿಡಿಸಿದ ಹೆಸರು ಬಿಲ್ಲೆಗೆ ಹೋಗಿಬಿಡುತ್ತದೆ. ಸ್ವಾಮಿಯನ್ನು ಬಿಟ್ಟುಕೊಡುವುದುಂಟೆ?

ಯೋಚಿಸುತ್ತ ಕಲಾಳ ಸೊಂಟ ಮುಟ್ಟುವ ಜಡೆಯನ್ನು ನೋಡಿದಳು. ಮೇಘನಳ ಫೋಟೊ ತೋರಿಸಿ, ದೇವರ ಪಟ ತೋರಿಸಿ, ಬೆರಳನ್ನೇ ಕತ್ತಿ ಮಾಡಿ ತಲೆಯ ಮೇಲೆ ಆಡಿಸಿದಳು. ಕಲಾ ಮೂರನ್ನೂ ನೋಡಿ, ಜಡೆಯನ್ನೊಮ್ಮೆ ಸವರಿಕೊಂಡು, "ಸರಿ ಅಜ್ಜಿ," ಎಂದು ನಕ್ಕಳು. ಭಾರತಮ್ಮನ ಕಣ್ಣು ತುಂಬಿತು. ಒಡಹುಟ್ಟಿದವರೂ ಇಷ್ಟು ಮಾಡುವುದಿಲ್ಲ.

ಶನಿವಾರ ಮಗ ಪಾಳಿಗೆ ಹೋಗಿದ್ದ, ಸೊಸೆ ತವರಿಗೆ. ತಡೆಯುವವರು ಯಾರೂ ಇರಲಿಲ್ಲ. ಕೋಲಾರ ಹಾದು, ಮಾಲೂರು ಹಾದು, ಬಸ್ಸು ಬದಲಿಸುತ್ತ ಇಬ್ಬರೂ ಚಿಕ್ಕತಿರುಪತಿ ಮುಟ್ಟಿದರು. ಮುಡಿ ತೆಗೆಯುವವನು ಕತ್ತಿ ಹಿಡಿದು ಹಿಂದೆ ಮುಂದೆ ನೋಡಿದ.

"ಎಷ್ಟೋ ತಲೆ ನೋಡಿದೀನಿ ಕಣಮ್ಮ, ಇಂಥ ಕೂದ್ಲು ಮಾತ್ರ ನೋಡಿಲ್ಲ. ಮನೆಯೋರು ಒಪ್ಪಿದಾರಾ?"

"ನಾನೇ ಮನೆಯೋಳು. ನೀನು ತೆಗೀಯಪ್ಪ."

ಭಾನುವಾರ ಸಂಜೆ ಫೋನು ಬಂತು. ಕಲಾ ಓಡಿಹೋಗಿ ಎತ್ತಿದಳು. ಮೇಘನ ಬಾಯಿ ಬಿಡುವ ಮೊದಲೇ ಹಿಂದಿದ್ದ ಮುದುಕಿ ಕಲಾಳನ್ನು ನೋಡಿ ಚೀರಿಕೊಂಡು, ಹಣೆ ಎದೆ ಮುಟ್ಟಿಕೊಳ್ಳುತ್ತ ಏನೇನೋ ಒದರತೊಡಗಿದಳು. ಭಾರತಮ್ಮ ಫೋನು ಕಿತ್ತುಕೊಂಡು ಆರಿಸಿದಳು. ಒಂದು ಮಗುವಿನ ಕೊರಳಿಗೆ ಬಿಲ್ಲೆ ಕಟ್ಟಿದ್ದು ಸಾಲದೆ ಈ ಮಗುವಿಗೂ ಮಂತ್ರ ಹಾಕುತ್ತಿದ್ದಾಳೆ.

ಸೋಮವಾರ ಮೊದಲ ಬಸ್ಸಿಗೇ ಅವಳು ಕಲಾಳ ತಲೆಗೆ ಟವೆಲು ಸುತ್ತಿ, ಕೈ ಹಿಡಿದು ಕಾನ್ವೆಂಟಿಗೆ ಬಂದಳು. ಹೆಡ್‌ಮಿಸ್ ಸಿಸ್ಟರ್ ಲೂರ್ದ್ ಮೇರಿ ಆಗತಾನೆ ಬೀಗ ತೆಗೆಯುತ್ತಿದ್ದರು.

"ಸಿಸ್ಟರಮ್ಮ, ನನ್ ಮೊಮ್ಮಗಳ್ನ ವಾಪಸ್ ಕರೆಸ್ಬಿಡಿ. ಆ ಮನೇಲಿ ಮತ ಕೆಡಿಸ್ತಾ ಅವ್ರೆ."

"ಕೂತ್ಕೊಳಿ ಭಾರತಮ್ಮ. ನಾನೇ ನಿಮಗೆ ಹೇಳಿ ಕಳಿಸೋಳಿದ್ದೆ." ಸಿಸ್ಟರ್ ಕನ್ನಡಕ ತೆಗೆದು ಹಣೆ ಒತ್ತಿಕೊಂಡರು. "ನಿನ್ನೆಯಿಂದ ಇನ್ನೊಬ್ಬ ಅಜ್ಜಿ ಫೋನ್ ಮೇಲೆ ಫೋನ್ ಮಾಡ್ತಿದಾರೆ, ಒಂದೇ ಅಳು. ನಂಬಿ ಮಗು ಕಳಿಸಿದ್ವಿ, ಇಳ್ಕೊಂಡಿರೋ ಮನೆಯವರು ಮತ ಬದಲಾಯಿಸ್ತಿದಾರೆ ಅಂತ."

ಭಾರತಮ್ಮ ಮೇಜಿಗೆ ಕೈಯೂರಿದಳು. "ನೋಡಿದ್ರಾ? ನಾನೊಬ್ಳೇ ಅಲ್ಲ. ಆಯಮ್ಮನ್ನ ಕರೀರಿ, ಇಬ್ರೂ ಸೇರ್ಕೊಂಡೇ ಕೇಳ್ತೀವಿ. ಬಾಯಿಲ್ಲದ ಮಗೂಗೆ ಹಿಂಗ್ ಮಾಡಿದೋರ್ನ ಸುಮ್ನೆ ಬಿಡ್ಬಾರ್ದು."

"ಆಯಮ್ಮ ಇಟಲಿಯಲ್ಲಿದಾರೆ. ನಿಮ್ಮ ಮೇಘನಂಗೆ ಬಿಲ್ಲೆ ಹಾಕಿದೋರು ಅವರೇ," ಎಂದರು ಸಿಸ್ಟರ್. "ನೀವು ತಲೆ ಬೋಳಿಸಿರೋದು ಅವರ ಮೊಮ್ಮಗಳದು."

ಹೆಸರಿಗೆ ಭಾರತಮ್ಮನ ನಾಲಿಗೆ ಹೊರಳದೆ, ಇಟಲಿಯಿಂದ ಬಂದ ದಿನವೇ ಕಲಾ ಆಗಿಹೋಗಿದ್ದ ಕ್ಲಾರಾ ಸೆಕೆಗೆ ಟವೆಲು ಕಳಚಿದಳು. ಗಂಧ ಬಳಿದ ಬುರುಡೆಯ ಮೇಲೆ ಹೊಂಬಣ್ಣದ ಕೂದಲು ಆಗಲೇ ಚಿಗುರತೊಡಗಿತ್ತು.