ಪೆಟ್ರೋಲ್ ಮುಳ್ಳು

ಪಕ್ಕದ ಮನೆಯ ಬೈಕಿನಲ್ಲಿ ಕೀಲಿ ಇರಲಿಲ್ಲ. ಮೀನಿನ ಬುಟ್ಟಿಯನ್ನು ಲೇಹೋಂಗ್ ಹಿಂದಿನ ಸೀಟಿಗೆ ಕಟ್ಟಿ ಆಗಿತ್ತು, ಕೈಬಲೆಯನ್ನೂ ಸಿಕ್ಕಿಸಿ ಆಗಿತ್ತು. ಕೀಲಿ ತಿರುಗಿಸಲು ಕೈ ಹಾಕಿದರೆ ಬೆರಳಿಗೆ ಬರೀ ತೂತು ತಾಕಿತು. ತೈವಾನ್ ಪಕ್ಕದ ಪೆಂಗ್‌ಹು ದ್ವೀಪಗಳ ಸಾಲಿನಲ್ಲಿರುವ ನಮ್ಮ ಈ ಪುಟ್ಟ ದ್ವೀಪದಲ್ಲಿ ಬೈಕಿನಿಂದ ಕೀಲಿ ತೆಗೆಯುವವರಿಲ್ಲ. ಬೇಕಾದವರು ಒಯ್ಯುತ್ತಾರೆ, ಕೆಲಸ ಮುಗಿದ ಮೇಲೆ ತಂದು ನಿಲ್ಲಿಸುತ್ತಾರೆ, ಸುಟ್ಟಷ್ಟು ಪೆಟ್ರೋಲ್ ಹಾಕಿಸುತ್ತಾರೆ. ಮನೆಗಳ ಹಂಚು ಹಾರಿಹೋದ ಬಿರುಗಾಳಿಯ ವರ್ಷದಲ್ಲೂ ಯಾರೂ ಕೀಲಿ ತೆಗೆದು ಒಳಗಿಟ್ಟದ್ದಿಲ್ಲ.

"ಕಿಮ್‌ಚುಯಿ ಅಣ್ಣಾ, ನಿಮ್ಮ ಕೀಲಿ ಎಲ್ಲೋ ಬಿದ್ದುಹೋಗಿದೆ ನೋಡಿ," ಎಂದು ಅವಳು ಪಕ್ಕದ ಮನೆಯ ಬಾಗಿಲಿಗೆ ಕೂಗಿದಳು.

ಕಿಮ್‌ಚುಯಿ ಬಾಯಿ ಒರೆಸಿಕೊಳ್ಳುತ್ತ ಹೊರಗೆ ಬಂದ. "ಬಿದ್ದಿಲ್ಲ. ಜೇಬಲ್ಲಿದೆ."

"ಜೇಬಲ್ಲಿಟ್ಟುಕೊಂಡು ಕಾವು ಕೊಡೋಕೆ ಅದೇನು ಮೊಟ್ಟೇನಾ? ಕೊಡಿ ಬೇಗ. ಇವತ್ತು ಕಟ್ಟೆ ಪಾಳಿ ನಮ್ದು."

ಕಟ್ಟೆ ಎಂದರೆ ಸಮುದ್ರದ ತೆಳುನೀರಿನಲ್ಲಿ ಹಿರಿಯರು ಸುತ್ತಿಟ್ಟ ಕಲ್ಲಿನ ಗೋಡೆ. ಉಬ್ಬರದಲ್ಲಿ ಒಳಗೆ ಬಂದ ಮೀನು ಇಳಿತದಲ್ಲಿ ಅಲ್ಲೇ ಸಿಕ್ಕಿಬೀಳುತ್ತದೆ. ಒಂದೊಂದು ದಿನ ಒಂದೊಂದು ಮನೆಯ ಪಾಳಿ. ನೀರು ಮತ್ತೆ ಕಲ್ಲು ಹತ್ತುವುದರೊಳಗೆ ಬಳಿದುಕೊಂಡರೆ ಮೀನು ಆ ಮನೆಯದು, ತಡವಾದರೆ ಸಮುದ್ರದ್ದು. ಕಟ್ಟೆ ಓಣಿಯ ತುದಿಯಿಂದ ಕಂಡರೂ ದಾರಿ ದಂಡೆಯನ್ನು ಬಹುದೂರ ಸುತ್ತಿ ಹೋಗುತ್ತದೆ, ನಡೆದು ಹೋದರೆ ನೀರಿಗಿಂತ ಮುಂಚೆ ಮುಟ್ಟುವಂತಿಲ್ಲ. ಈ ಪಾಳಿ ತಪ್ಪಿದರೆ ಲೇಹೋಂಗಳ ಮನೆಗೆ ಮತ್ತೊಂದು ಬರುವುದು ಗಾಳಿಗಾಲ ಕಳೆದ ಮೇಲೆ. ಅಲ್ಲಿಯವರೆಗೆ ಉಪ್ಪು ಹಾಕಿ ಇಡಲು ಅವಳ ಮನೆಯಲ್ಲಿ ಏನೂ ಇರಲಿಲ್ಲ.

ಕಿಮ್‌ಚುಯಿ ಅವಳನ್ನು ನೋಡದೆ ಬೈಕನ್ನು ನೋಡುತ್ತ ಮಾತಾಡಿದ. "ಟ್ಯಾಂಕು ಬದಲಾಯಿಸಿದಾಗಿಂದ ನೋಡ್ತಾ ಇದೀನಿ. ಸಂಜೆ ನಾನು ಬಂದಾಗ ಪೆಟ್ರೋಲ್ ತೋರ್ಸೋ ಮುಳ್ಳು ಅರ್ಧದಲ್ಲಿರುತ್ತೆ. ಬೆಳಿಗ್ಗೆ ಎದ್ದು ನೋಡಿದ್ರೆ ಕೆಂಪು ಗೆರೆ ಹತ್ರ."

"ಸೋರುತ್ತೋ ಏನೋ."

"ಕೆಳಗೆ ರಟ್ಟು ಹಾಸಿ ನೋಡ್ದೆ, ಒಂದು ಹನಿ ಇಲ್ಲ. ಮೆಕ್ಯಾನಿಕ್ ಕೋಕ್‌ಬಿನ್ ತನ್ನ ಗ್ಯಾರೇಜಲ್ಲಿ ಗಾಡೀನ ಪೆಟ್ಟಿಗೆ ಮೇಲೆ ನೆಟ್ಟಗೆ ನಿಲ್ಲಿಸಿ, ವೈರೆಲ್ಲ ಬಿಚ್ಚಿ ನೋಡ್ದ. ಮುಳ್ಳು ಸರಿಯಾಗೇ ಇದೆ, ಕುಡಿಯೋ ಬಾಯಿ ಯಾವುದು ಅಂತ ಹುಡುಕು ಅಂದ. ತೈವಾನಿಂದ ಪೆಟ್ರೋಲ್ ದೋಣಿ ಯಾವತ್ತು ಬರುತ್ತೋ ಗೊತ್ತಿಲ್ಲದ ಕಾಲ ಇದು."

ಆ ಓಣಿಯಲ್ಲಿ ಅವನ ಬೈಕು ಒಯ್ಯುತ್ತಿದ್ದವಳು ಲೇಹೋಂಗ್ ಒಬ್ಬಳೇ. ಅವಳು ಬೈಕಿನ ಮೇಲಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕಿಮ್‌ಚುಯಿ ತನ್ನ ಮಾತಿಗೆ ತಾನೇ ಕಸಿವಿಸಿಗೊಂಡು ಕೀಲಿಯನ್ನು ಹೊರಗೆ ತೆಗೆದ. "ಹೋಗ್ಲಿ ಬಿಡು, ಈಗ ತಗೊಂಡು ಹೋಗು. ನೀರು ಏರುತ್ತೆ. ಆಮೇಲೆ ಮಾತಾಡೋಣ."

"ಬೇಡ ಅಣ್ಣ. ಕಳ್ಳಿ ಕೈಗೆ ಕೀಲಿ ಕೊಡಬಾರ್ದು. ಟ್ಯಾಂಕಿನ ಮುಚ್ಚಳ ತೆಗೀರಿ."

"ನಾನು ಹಂಗಂದ್ನಾ?"

"ತೆಗೀರಿ."

ಅವನು ತೆಗೆದ. ಅವಳು ಬುಟ್ಟಿಯಿಂದ ಒಂದು ಬಿದಿರ ಸೀಳು ಕಿತ್ತು ಟ್ಯಾಂಕಿನೊಳಗೆ ನೇರ ಇಳಿಸಿ ಎತ್ತಿದಳು. ಸೀಳು ಅರ್ಧಕ್ಕೆ ಒದ್ದೆಯಾಗಿತ್ತು. ಅವನು ಕೀಲಿ ತಿರುಗಿಸಿದರೆ ಮುಳ್ಳು ಕೆಂಪು ಗೆರೆಯ ಹತ್ತಿರವೇ ಇತ್ತು. ಕಿಮ್‌ಚುಯಿ ಗಾಜಿನ ಮೇಲೆ ಗೆಣ್ಣಿನಿಂದ ಕುಟ್ಟಿದ. ಟ್ಯಾಂಕಿನ ಪಕ್ಕಕ್ಕೆ ಕೈ ತೂರಿಸಿ ವೈರಿನ ತುದಿ ಕಿತ್ತು, ಅಂಗಿಯ ಅಂಚಿನಿಂದ ಒರೆಸಿ ಮತ್ತೆ ಸಿಕ್ಕಿಸಿದ. ಮುಳ್ಳು ಮೇಲೇಳಲಿಲ್ಲ. ನಡುವೆ ಎರಡು ಸಲ "ನೀನು ಹೋಗು" ಎಂದ. ಎರಡು ಸಲವೂ ಅವಳು, "ಮುಗಿಸಿ," ಎಂದಳು.

ಟ್ಯಾಂಕಿನ ಅಡಿ ನೋಡಲೆಂದು ಅವನು ಬೈಕನ್ನು ಸೈಡ್ ಸ್ಟ್ಯಾಂಡಿನಿಂದ ಎತ್ತಿ ನೆಟ್ಟಗೆ ಹಿಡಿದ. ಮುಳ್ಳು ಒಮ್ಮೆ ನಡುಗಿ ಅರ್ಧಕ್ಕೆ ಏರಿತು. ವಾಲಿಸಿದ, ಇಳಿಯಿತು. ಎತ್ತಿದ, ಏರಿತು.

ಹಳೆಯ ಟ್ಯಾಂಕಿನಲ್ಲಿ ಪೆಟ್ರೋಲಿನ ಮೇಲೆ ತೇಲುತ್ತ ಮುಳ್ಳನ್ನು ಏರಿಳಿಸುವ ಬೆಂಡಿನ ಜಾಗ ನಟ್ಟನಡುವೆ ಇತ್ತು. ಉಪ್ಪುಗಾಳಿಗೆ ಆ ಟ್ಯಾಂಕು ತುಕ್ಕು ಹಿಡಿದ ಮೇಲೆ ಮಾಗೊಂಗ್ ಪೇಟೆಯಿಂದ ತರಿಸಿದ ಈ ಟ್ಯಾಂಕು ಬೇರೆ ಬೈಕಿನದು, ಇದರಲ್ಲಿ ಬೆಂಡು ಬಲಬದಿಗೆ. ಕೋಕ್‌ಬಿನ್ ಅದನ್ನು ಜೋಡಿಸುವಾಗ ಕಿಮ್‌ಚುಯಿ ಪಕ್ಕದಲ್ಲೇ ನಿಂತು ನೋಡಿದ್ದ. ಗಾಡಿ ಎಡಕ್ಕೆ ವಾಲಿದರೆ ಪೆಟ್ರೋಲೂ ಎಡಕ್ಕೆ ಸರಿಯುತ್ತದೆ, ಬಲಗಡೆಯ ಬೆಂಡು ಕುಸಿಯುತ್ತದೆ. ಸಂಜೆ ಅವನು ಮುಳ್ಳು ನೋಡುತ್ತಿದ್ದುದು ಸೀಟಿನ ಮೇಲೆ ಕೂತು, ಬೆಳಿಗ್ಗೆ ನೋಡುತ್ತಿದ್ದುದು ವಾಲಿ ನಿಂತ ಗಾಡಿಯ ಪಕ್ಕ ನಿಂತು.

"ಲೇಹೋಂಗ್," ಎಂದ. "ಮುಳ್ಳಿಂದೇ ತಪ್ಪು. ಹತ್ತು, ಹೋಗು."

ಅವಳು ಓಣಿಯ ತುದಿಗೆ ತಲೆ ತಿರುಗಿಸಿದಳು. ಅಲ್ಲಿಂದ ಕಟ್ಟೆಯ ಕಪ್ಪು ಕಲ್ಲುಗಳು ಕಾಣಬೇಕಿತ್ತು. ಈಗ ಬರೀ ನೀರು ಕಾಣುತ್ತಿತ್ತು.

"ನಾಳೆ ಪಾಳಿ ನಮ್ದು," ಎಂದು ಅವನು ಅವಸರದಲ್ಲಿ ಹೇಳಿದ. "ನೀನೇ ಹೋಗು. ಬಂದಷ್ಟೂ ನಿಂದೇ. ನಾನು ಆ ಕಡೆ ತಲೆ ಹಾಕಲ್ಲ."

"ಬೇರೆಯವರ ಪಾಳೀಲಿ ಬಲೆ ಇಳಿಸೋ ಅಭ್ಯಾಸ ನಮ್ಮ ಮನೇಲಿಲ್ಲ ಅಣ್ಣ."

ಅವಳು ಬುಟ್ಟಿ ಬಿಚ್ಚಿಕೊಂಡಳು, ಕೈಬಲೆ ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ಬಾಗಿಲು ಎಂದಿನಂತೆಯೇ ಮುಚ್ಚಿತು, ಜೋರಾಗಿ ಅಲ್ಲ. ಕಿಮ್‌ಚುಯಿ ಬೈಕನ್ನು ವಾಲಿಸಲಿಲ್ಲ. ಎರಡೂ ಕೈಯಲ್ಲಿ ಹಿಡಿದು ನೆಟ್ಟಗೆ ನಿಲ್ಲಿಸಿಕೊಂಡೇ ಇದ್ದ. ಎಷ್ಟು ಹೊತ್ತು ಹಿಡಿದಿದ್ದನೋ ಅಷ್ಟು ಹೊತ್ತೂ ಮುಳ್ಳು ಅರ್ಧದಲ್ಲೇ ಇತ್ತು.